ಕಾಯಿಸಿದ್ದಕ್ಕೆ ಧನ್ಯವಾದ, ಸಿಸ್ಟರ್

ಅಫೀಮಿನ ಬಗೆಯ ನೋವಿನ ಮಾತ್ರೆಯ ಚಟ ಬಿಟ್ಟು ಇವತ್ತಿಗೆ 90 ದಿನ. ಯಾವ ನೋವು, ಯಾವ ಮಾತ್ರೆ, ಎಷ್ಟು ವರ್ಷ ಎನ್ನುವುದೆಲ್ಲ ಹತ್ತಿರದವರಿಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ಡೋಸ್ ನಿಗದಿ ಮಾಡಿದ ಡಾಕ್ಟರು, ಎಲ್ಲ ಔಷಧಿಗಳ ಪಟ್ಟಿ ತರಿಸಿ ಒಂದಕ್ಕೊಂದು ಆಗಿಬರದ್ದನ್ನು ಗುರುತಿಸಿದ ಫಾರ್ಮಸಿಸ್ಟ್, ಆಪ್ತಸಮಾಲೋಚಕರು, ಕಾರಣ ಕೇಳದೆ ರಜೆ ಹೊಂದಿಸಿದ ಸಹೋದ್ಯೋಗಿಗಳು, ದಿನವೂ ಬಂದು ಸುಮ್ಮನೆ ಕೂತು ಹೋದ ಗೆಳೆಯರು, ಎಲ್ಲರಿಗೂ ನಾನು ಋಣಿ.

ರಾತ್ರಿ ಪಾಳಿಯ ಸಿಸ್ಟರ್, ನಿಮಗೆ ಮಾತ್ರ ಒಂದು ಸಾಲು ಸಾಲದು. ನೀವು ಮಾಡಿದ ಅತಿ ದೊಡ್ಡ ಉಪಕಾರ ಎಂದರೆ ಮೊದಲ ರಾತ್ರಿ ಐದು ಗಂಟೆ ನನ್ನನ್ನು ಕಾಯಿಸಿದ್ದು. ಆ ಚಟ ಬಿಡಿಸಲು ಕೊಡುವ ಬುಪ್ರೆನಾರ್ಫಿನ್ ಮಾತ್ರೆ ನಿಮ್ಮ ಬೀರುವಿನಲ್ಲೇ ಇತ್ತು. ಡಾಕ್ಟರ ಆದೇಶವೂ ಹಾಳೆಯ ಮೇಲಿತ್ತು: ಹಳೆಯ ಮಾತ್ರೆ ನಿಂತಾಗಿನ ನರಳಾಟ ಅಳೆಯುವ ಅಂಕ 12 ದಾಟಿದ ಮೇಲೆ ಕೊಡಿ. ಒಂಬತ್ತು ಗಂಟೆಗೆ ಅಂಕ 7, ಹನ್ನೊಂದಕ್ಕೆ 9. ಪ್ರತಿ ಸಲವೂ ನೀವು ಹೇಳಿದ್ದು ಒಂದೇ ಮಾತು, "ಇನ್ನೂ ಸ್ವಲ್ಪ ತಡೀರಿ."

ಯಾಕೆ ತಡೆಯಬೇಕಿತ್ತು ಎನ್ನುವುದು ಈ ಚಿಕಿತ್ಸೆಗೆ ಹೋಗುವ ಎಲ್ಲರಿಗೂ ಗೊತ್ತಿರಲಿ. ನೋವಿನ ಮಾತ್ರೆ ಮಿದುಳಿನಲ್ಲಿ ಕೂರುವ ಜಾಗದಲ್ಲೇ ಬುಪ್ರೆನಾರ್ಫಿನ್ ಕೂಡ ಕೂರುತ್ತದೆ. ಅದರ ಹಿಡಿತ ಬಲು ಬಿಗಿ, ಮೊದಲು ಕೂತದ್ದನ್ನು ಎಬ್ಬಿಸಿ ಓಡಿಸುತ್ತದೆ. ಆದರೆ ಅದು ಕೊಡುವ ಪರಿಣಾಮ ಅರ್ಧಂಬರ್ಧ. ಹಳೆಯ ಔಷಧ ಇನ್ನೂ ತುಂಬಿಕೊಂಡಿರುವಾಗಲೇ ಇದನ್ನು ಕೊಟ್ಟರೆ, ದಿನಗಟ್ಟಲೆ ಮೆಲ್ಲಗೆ ಬರಬೇಕಾದ ಆ ನರಳಾಟ, ಅಂದರೆ ವಿತ್‌ಡ್ರಾವಲ್, ಒಂದೇ ಏಟಿಗೆ, ಗಂಟೆಯೊಳಗೆ ಮೈಮೇಲೆ ಬೀಳುತ್ತದೆ. ಬೇಗ ಕೆಲಸ ಮಾಡಿ ಬೇಗ ಇಳಿಯುವ ಮಾತ್ರೆಗಳಾದರೆ ಕೊನೆಯ ಗುಳಿಗೆಯಿಂದ ಕನಿಷ್ಠ 12 ಗಂಟೆ ಕಳೆದಿರಬೇಕು. ನಿಧಾನವಾಗಿ ಬಿಡುಗಡೆಯಾಗುವ ಬಗೆಯದಾದರೆ ಇನ್ನೂ ಹೆಚ್ಚು. ಗಡಿಯಾರವೊಂದನ್ನೇ ನಂಬುವಂತಿಲ್ಲ, ಮೈಯೂ ಸಾಕ್ಷಿ ಹೇಳಬೇಕು. ಇದು ತಿಳಿಯದೆ ಯಾರದೋ ಮಾತು ಕೇಳಿ ಮನೆಯಲ್ಲೇ ನುಂಗಿದವರು "ಆ ಔಷಧ ನನಗೆ ಒಗ್ಗಲಿಲ್ಲ" ಎಂದು ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆ. ಔಷಧದ ತಪ್ಪಿರುವುದಿಲ್ಲ, ಹೊತ್ತಿನ ತಪ್ಪಿರುತ್ತದೆ.

ಮೈಯ ಸಾಕ್ಷಿ ಕೇಳುವ ಹಾಳೆಗೆ ಕೌಸ್ ಎಂದು ಹೆಸರು. ಹನ್ನೊಂದು ಅಂಶ, ಒಟ್ಟು 48 ಅಂಕ. 5ರಿಂದ 12 ಸೌಮ್ಯ, 13ರಿಂದ 24 ಮಧ್ಯಮ, 25ರಿಂದ 36 ತುಸು ತೀವ್ರ, ಅದರ ಮೇಲೆ ತೀವ್ರ. ಆ ಹಾಳೆಯನ್ನು ಬಾಗಿಲಲ್ಲಿ ನಿಂತೇ ತುಂಬಿಬಿಡಬಹುದು. ನೀವು ಹಾಗೆ ಮಾಡಲಿಲ್ಲ. ಕೆಲವು ನಿಮಿಷ ಸುಮ್ಮನೆ ಮಲಗಿಸಿ, ಆಮೇಲೆ ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದಿರಿ. ಓಡಾಡಿ ಬಂದವರ ನಾಡಿ ಎಣಿಸಿದರೆ ಅಂಕ ಸುಳ್ಳಾಗುತ್ತದೆ. ಟಾರ್ಚ್ ಬಿಡದೆ ಕೋಣೆಯ ಬೆಳಕಿನಲ್ಲೇ ಕಣ್ಣಿನ ಪಾಪೆ ನೋಡಿದಿರಿ. ಮಾತಾಡಿಸುತ್ತಲೇ ಆಕಳಿಕೆ ಲೆಕ್ಕ ಹಾಕಿದಿರಿ. ಕೊನೆಗೆ ಗ್ಲೌಸ್ ತೆಗೆದು, ಬರಿಗೈಯ ಬೆರಳುಗಳನ್ನು ನನ್ನ ಮುಂಗೈ ಮೇಲೆ ಮೊಣಕೈಯತ್ತ ಸವರಿದಿರಿ, ರೋಮಕ್ಕೆ ಎದುರಾಗಿ. ಹನ್ನೊಂದಕ್ಕೆ ಅಲ್ಲಿ ಏನೂ ಇರಲಿಲ್ಲ. ಎರಡು ಗಂಟೆಗೆ ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಸಿಕ್ಕಿತು: ಮೈಮೇಲೆ ಮುಳ್ಳೆದ್ದಿತ್ತು. ಅದಕ್ಕೇ ಮೂರು ಅಂಕ. ನಾಡಿ 104, ಹೊಟ್ಟೆ ತೊಳಸು. ಒಟ್ಟು 15.

ಆಮೇಲಿನ ಹತ್ತು ನಿಮಿಷವೂ ನಿಮ್ಮದೇ. ಬಾಯಿ ಒಣಗಿದ್ದರೆ ಮಾತ್ರೆ ಕರಗುವುದಿಲ್ಲ ಎಂದು ಮೊದಲು ಒಂದು ಗುಟುಕು ನೀರು ಕೊಟ್ಟಿರಿ. 2 ಮಿಲಿಗ್ರಾಂ, ನಾಲಿಗೆಯ ಕೆಳಗೆ. ನುಂಗಿದರೆ ಬಹುಪಾಲು ವ್ಯರ್ಥ, ಏಕೆಂದರೆ ಹೊಟ್ಟೆಗೆ ಹೋದದ್ದನ್ನು ಯಕೃತ್ತು ರಕ್ತಕ್ಕೆ ಸೇರುವ ಮೊದಲೇ ಒಡೆದುಹಾಕುತ್ತದೆ. ಮಾತು ಬೇಡ, ಜೊಲ್ಲು ನುಂಗುವುದು ಬೇಡ, ತಲೆ ತುಸು ಮುಂದಕ್ಕೆ ಎಂದಿರಿ. ಪೂರ್ತಿ ಕರಗಿತೇ ಎಂದು ನಾಲಿಗೆ ಎತ್ತಿಸಿ ಟಾರ್ಚ್ ಹಾಕಿ ನೋಡಿದಿರಿ. ಆಮೇಲೆ ನೀರು ಮುಕ್ಕಳಿಸಿ ನುಂಗಿಸಿ, ಹಲ್ಲುಜ್ಜುವುದಿದ್ದರೆ ಒಂದು ಗಂಟೆ ಬಿಟ್ಟು ಎಂದಿರಿ, ಹಲ್ಲು ಹಾಳಾಗದಿರಲಿ ಎಂದು. ಆ ಹೊತ್ತಿನಲ್ಲಿ ಹಲ್ಲಿನ ಬಗ್ಗೆ ಯೋಚಿಸಿದವರು ನೀವೊಬ್ಬರೇ. ಮೂರು ಗಂಟೆಗೆ ಅಂಕ 11, ಮತ್ತೆ 2 ಮಿಲಿಗ್ರಾಂ. ಐದಕ್ಕೆ 6.

ಆ ಐದು ಗಂಟೆಗಳಲ್ಲಿ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ನಿಮ್ಮ ಮಕ್ಕಳ ಮೇಲೂ ಆಣೆ ಇಟ್ಟೆ. ನೀವು ತಿರುಗಿ ಒಂದು ಮಾತಾಡಲಿಲ್ಲ, ಕುರ್ಚಿ ಬಿಟ್ಟು ಏಳಲೂ ಇಲ್ಲ. ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಕ್ಷಮಿಸಿ, ಸಿಸ್ಟರ್.

ಮುಂದಿನ ರಾತ್ರಿಗಳು ಸಣ್ಣ ಸಣ್ಣ ಕೆಲಸಗಳವು, ಅವುಗಳಲ್ಲೂ ನೀವು ಚೌಕಾಸಿ ಮಾಡಲಿಲ್ಲ. ಓಆರ್‌ಎಸ್ ಎಂದರೆ ಒಂದು ಲೀಟರ್ ಪ್ಯಾಕೆಟ್ಟಿಗೆ ಅಳೆದು ಒಂದು ಲೀಟರ್ ನೀರು, 24 ಗಂಟೆ ಮೀರಿದ್ದನ್ನು ಚೆಲ್ಲುವುದು, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ. ಬೆವರಿಗೂ ನಡುಕಕ್ಕೂ ಕೊಡುವ ಕ್ಲೋನಿಡಿನ್ 0.1 ಮಿಲಿಗ್ರಾಂಗೆ ಮುಂಚೆ ಪ್ರತಿ ಸಲ ಬಿಪಿ. 90/60ಕ್ಕಿಂತ ಕೆಳಗಿದ್ದರೆ ಆ ಡೋಸ್ ಇಲ್ಲ. ಏಳುವ ಮುಂಚೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರಿಸುತ್ತಿದ್ದಿರಿ. ಆ ಔಷಧ ತಗೊಂಡವರು ತಟ್ಟನೆ ಎದ್ದರೆ ಬಿಪಿ ಕುಸಿದು ಬೀಳುವುದು ಹೆಚ್ಚು, ಅದೂ ರಾತ್ರಿ ಬಚ್ಚಲಿಗೆ ಹೋಗುವಾಗ. ನಿದ್ದೆ ಬರಲು ವಾರಗಳೇ ಹಿಡಿಯಬಹುದು ಎಂದು ಮೊದಲೇ ಹೇಳಿಟ್ಟಿರಿ. ಅದೊಂದು ಮಾತಿಲ್ಲದಿದ್ದರೆ ಎಚ್ಚರದ ಒಂದೊಂದು ರಾತ್ರಿಯೂ ಸೋಲಿನ ಹಾಗೆ ಕಾಣುತ್ತಿತ್ತು.

ಈಗಲೂ ಬುಪ್ರೆನಾರ್ಫಿನ್ ನಡೆಯುತ್ತಿದೆ. "ಒಂದನ್ನು ಬಿಟ್ಟು ಇನ್ನೊಂದು ಹಿಡಿದಂತಾಯಿತಲ್ಲ" ಎಂದು ಪ್ರೀತಿಯಿಂದಲೇ ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟು: ಡಿಟಾಕ್ಸ್, ಅಂದರೆ ಮೈಯಿಂದ ಮಾತ್ರೆ ಇಳಿಸುವ ಚಿಕಿತ್ಸೆ, ಮುಗಿಸಿ ಬೇರೆ ಔಷಧವಿಲ್ಲದೆ ಬರಿಗೈಯಲ್ಲಿ ಮನೆಗೆ ಹೋದವರು ಹಳೆಯ ಮಾತ್ರೆಗೆ ಮರಳುವುದು ಬಹಳ. ಮರಳಿದಾಗ ಹಳೆಯ ಡೋಸೇ ನುಂಗುತ್ತಾರೆ. ಅಷ್ಟರಲ್ಲಿ ಮೈಗೆ ಅದನ್ನು ತಾಳುವ ಶಕ್ತಿ ಹೋಗಿರುತ್ತದೆ, ನಿನ್ನೆ ಮೊನ್ನೆ ಸಲೀಸಾಗಿ ತಗೊಂಡದ್ದೇ ಇಂದು ಉಸಿರು ನಿಲ್ಲಿಸಬಹುದು. ಮನೆಗೆ ಹೊರಟ ದಿನ, ಪಾಳಿ ಮುಗಿದಿದ್ದರೂ ನೀವು ಉಳಿದದ್ದು ಇದನ್ನು ಮನೆಯವರಿಗೆ ಹೇಳಲಿಕ್ಕೆ. ಉಳಿದಿದ್ದ ಮಾತ್ರೆಗಳನ್ನು ಮನೆಗೆ ನಾನು ಕಾಲಿಡುವ ಮುಂಚೆಯೇ ಫಾರ್ಮಸಿಗೆ ಒಪ್ಪಿಸಿ ಬಂದ ಅಣ್ಣನಿಗೂ ಇಲ್ಲೇ ಧನ್ಯವಾದ.

ಮಾತ್ರೆ ಅತಿಯಾಗಿ ಉಸಿರು ನಿಲ್ಲುವಂತಾದಾಗ ಅದರ ಪರಿಣಾಮ ತಡೆಯಲು ಮೂಗಿಗೆ ಹೊಡೆಯುವ ನಾಲೊಕ್ಸೋನ್ ಸ್ಪ್ರೇ ಹೇಗೆ ಬಳಸಬೇಕು ಎಂದು ನೀವು ತಂಗಿಗೆ ಮೂರು ಸಲ ಮಾಡಿಸಿದಿರಿ. ತುಟಿ ನೀಲಿ, ಪಾಪೆ ಸೂಜಿಮೊನೆಯಷ್ಟು, ಗೊರಗೊರ ಉಸಿರು, ಅಲುಗಾಡಿಸಿದರೂ ಏಳದಿದ್ದರೆ: ಆಂಬುಲೆನ್ಸಿಗೆ ಫೋನು, ಅಂಗಾತ ಮಲಗಿಸಿ ತಲೆ ಹಿಂದಕ್ಕೆ, ಒಂದು ಹೊಳ್ಳೆಗೆ ಒಂದು ಸ್ಪ್ರೇ. ಉಸಿರು ಸರಿಯಾಗದಿದ್ದರೆ ಎರಡು ಮೂರು ನಿಮಿಷಕ್ಕೆ ಇನ್ನೊಂದು ಹೊಳ್ಳೆಗೆ ಹೊಸದೊಂದು. ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು, ಸ್ಪ್ರೇಯ ಪರಿಣಾಮ 30ರಿಂದ 90 ನಿಮಿಷ, ಮಾತ್ರೆಯದ್ದು ಅದಕ್ಕಿಂತ ಉದ್ದ ಇರಬಹುದು.

ನೀವು ಹೇಳಿದಂತೆ ಅದನ್ನು ಬೀಗ ಹಾಕದ ಕಪಾಟಿನಲ್ಲಿ, ಕೈಗೆಟುಕುವ ಎತ್ತರದಲ್ಲಿ ಇಟ್ಟಿದ್ದೇವೆ. ಮನೆಯ ನಾಲ್ವರಿಗೂ ಜಾಗ ಗೊತ್ತು. ಡಬ್ಬಿಯ ಮೇಲಿನ ಅವಧಿ ಮುಗಿಯುವ ತಿಂಗಳನ್ನು ತಂಗಿ ಕಪಾಟಿನ ಬಾಗಿಲ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದಾಳೆ.