ಟಿ1 ಏರದಿದ್ದಾಗ ಮೊದಲು ನೋಡಬೇಕಾದದ್ದು

ಚಿ. ಸೌಮ್ಯಳಿಗೆ ಆಶೀರ್ವಾದಗಳು.

ಕ್ಯೂಬಿಟ್‌ನ (ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕ) ಟಿ1, ಅಂದರೆ ಅದು ಶಕ್ತಿಯನ್ನು ಹಿಡಿದಿಟ್ಟುಕೊಳ್ಳುವ ಸರಾಸರಿ ಅವಧಿ, 20 ಮೈಕ್ರೊಸೆಕೆಂಡ್ ದಾಟುತ್ತಿಲ್ಲ, ವಿನ್ಯಾಸವನ್ನೇ ಬದಲಿಸುತ್ತೇನೆ ಎಂದು ಬರೆದಿದ್ದೀಯ. ಅವಸರ ಬೇಡ. ಶಕ್ತಿ ಎಲ್ಲಿ ಸೋರುತ್ತಿದೆ ಎಂದು ಮೊದಲು ಪತ್ತೆಮಾಡು.

5 ಗಿಗಾಹರ್ಟ್ಸ್‌ನಲ್ಲಿ 20 ಮೈಕ್ರೊಸೆಕೆಂಡ್ ಎಂದರೆ ಕ್ಯೂ (ಗುಣಮಟ್ಟದ ಅಂಕ; ಹೆಚ್ಚಿದ್ದಷ್ಟೂ ನಷ್ಟ ಕಡಿಮೆ) ಸುಮಾರು 6.3 ಲಕ್ಷ. ಒಳ್ಳೆಯ ಸ್ಫಟಿಕ ಇಷ್ಟು ನುಂಗುವುದಿಲ್ಲ. ನುಂಗುವುದು ಲೋಹದ ಮೇಲೂ ಲೋಹ–ಸಬ್‌ಸ್ಟ್ರೇಟ್ (ಚಿಪ್‌ನ ತಳದ ಸ್ಫಟಿಕ) ನಡುವೆಯೂ ಕೂತ, ಕೆಲವೇ ನ್ಯಾನೊಮೀಟರ್ ದಪ್ಪದ ಅಸ್ಫಟಿಕ ಆಕ್ಸೈಡ್. ಅದರೊಳಗಿನ ಪರಮಾಣುಗಳು ಎರಡು ನೆಲೆಗಳ ನಡುವೆ ಟನೆಲಿಂಗ್ ಆಗುತ್ತ (ನಡುವಿನ ತಡೆಯನ್ನು ಕ್ವಾಂಟಮ್ ರೀತಿಯಲ್ಲಿ ತೂರಿ ದಾಟುತ್ತ) ಕ್ಯೂಬಿಟ್‌ನ ಫೋಟಾನನ್ನು ಎಳೆದುಕೊಳ್ಳುತ್ತವೆ. ಇವನ್ನೇ ಟಿಎಲ್‌ಎಸ್ (ಟು-ಲೆವೆಲ್ ಸಿಸ್ಟಮ್) ಎನ್ನುವುದು. ಅಂಥ ಪದರದ ಲಾಸ್ ಟ್ಯಾಂಜೆಂಟ್, ಅಂದರೆ ವಸ್ತು ಎಷ್ಟು ಶಕ್ತಿ ನುಂಗುತ್ತದೆ ಎಂಬ ಅಳತೆ, ಸಾವಿರದಲ್ಲೊಂದು ಎಂದಿಟ್ಟುಕೋ. ವಿದ್ಯುತ್ ಕ್ಷೇತ್ರದ ಶಕ್ತಿಯಲ್ಲಿ ಹತ್ತು ಸಾವಿರದಲ್ಲೊಂದು ಪಾಲು ಅಲ್ಲಿದ್ದರೂ ಸಾಕು, ಕ್ಯೂ ಒಂದು ಕೋಟಿ ಮೀರದು. ನಿನ್ನ ನಷ್ಟ ಆ ಕೋಟಿಗೆ ತಕ್ಕ ನಷ್ಟದ ಹದಿನಾರು ಪಟ್ಟಿದೆ. ಪದರ ದಪ್ಪವಾಗಿರಬೇಕು, ರೆಸಿಸ್ಟ್ (ವಿನ್ಯಾಸ ಮೂಡಿಸಲು ಬಳಿಯುವ ಲೇಪ) ಕೊಳೆ ಉಳಿದಿರಬೇಕು, ಇಲ್ಲವೇ ದಾರಿಯೇ ಬೇರೆ ಇರಬೇಕು.

ಅದೇ ವೇಫರ್‌ನಿಂದ ಒಂದು ರೆಸೊನೇಟರ್ (ನಿಗದಿತ ಆವರ್ತನದಲ್ಲಿ ಅನುರಣಿಸುವ ಸರ್ಕಿಟ್) ತೆಗೆದು ಅಳೆ. ಹೆಚ್ಚಿನ ಪವರ್‌ನಿಂದ ಶುರುಮಾಡಿ ರೆಸೊನೇಟರ್‌ನೊಳಗೆ ಸರಾಸರಿ ಒಂದೇ ಫೋಟಾನ್ ಉಳಿಯುವವರೆಗೆ ಇಳಿಸುತ್ತಾ ಬಾ. ಪವರ್ ಇಳಿದಂತೆ ಆಂತರಿಕ ಕ್ಯೂ (ರೆಸೊನೇಟರ್‌ನೊಳಗಿನ ನಷ್ಟವನ್ನಷ್ಟೇ ತೋರಿಸುವ ಕ್ಯೂ) ಕುಸಿದರೆ ಟಿಎಲ್‌ಎಸ್ ಇದೆ ಎಂದರ್ಥ. ಹೆಚ್ಚಿನ ಪವರ್‌ನಲ್ಲಿ ಅವು ತುಂಬಿಹೋಗಿ ಇನ್ನು ಹೀರಲಾರವು. ಕುಸಿಯದಿದ್ದರೆ ಪ್ಯಾಕೇಜು (ಚಿಪ್ ಕೂರಿಸಿದ ಪೆಟ್ಟಿಗೆ), ವಿಕಿರಣ, ಕ್ವಾಸಿಪಾರ್ಟಿಕಲ್ (ಸೂಪರ್‌ಕಂಡಕ್ಟರ್‌ನಲ್ಲಿ ಜೋಡಿ ಮುರಿದ ಎಲೆಕ್ಟ್ರಾನ್) ಕಡೆ ತಿರುಗು. ಹೆಚ್ಚಿನ ಪವರ್‌ನ ಅಂಕಿಯನ್ನಷ್ಟೇ ತೋರಿಸುವವರ ಮಾತು ನಂಬಬೇಡ. ಉಷ್ಣತೆಯೂ ಸಾಕ್ಷಿ ಹೇಳುತ್ತದೆ: 20 ಮಿಲಿಕೆಲ್ವಿನ್‌ನಿಂದ 150ಕ್ಕೆ ಏರಿಸಿದರೆ ಟಿಎಲ್‌ಎಸ್ ನಷ್ಟ ಮೂರರಲ್ಲೊಂದು ಪಾಲು ತಗ್ಗಬೇಕು. ಇನ್ನೂ ಬಿಸಿಯಾದರೆ ಅಲ್ಯೂಮಿನಿಯಂನಲ್ಲಿ ಕ್ವಾಸಿಪಾರ್ಟಿಕಲ್‌ಗಳದೇ ಮೇಲುಗೈ.

ಇನ್ನು ಆ ಪದರ ತೆಗೆಯುವ ಮಾತು. ಸಬ್‌ಸ್ಟ್ರೇಟ್ ಸಿಲಿಕಾನ್ ಆದರೆ ಹೈಡ್ರೊಫ್ಲೋರಿಕ್ ಆಮ್ಲದಲ್ಲಿ ಅದ್ದಿ ತೊಳೆದು, ತಡಮಾಡದೆ ನಿರ್ವಾತಕ್ಕೆ ಹಾಕು. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ (ಈ ಆಮ್ಲದ ಸುಟ್ಟಗಾಯಕ್ಕೆ ಪ್ರಥಮ ಚಿಕಿತ್ಸೆ) ಕೈಗೆಟಕುವಲ್ಲಿ ಇಲ್ಲದೆ ಆ ಬಾಟಲಿ ಮುಟ್ಟಲೇಬೇಡ. ಲೋಹಗಳಲ್ಲಿ ನಿಯೋಬಿಯಂ ಮೇಲೆ ಒಂದಲ್ಲ, ಹಲವು ಬಗೆಯ ಆಕ್ಸೈಡ್ ಬೆಳೆಯುತ್ತದೆ. ಟ್ಯಾಂಟಲಂ ಪಿರಾನಾ ದ್ರಾವಣವನ್ನು (ಗಂಧಕಾಮ್ಲ, ಹೈಡ್ರೊಜನ್ ಪೆರಾಕ್ಸೈಡ್‌ಗಳ ಮಿಶ್ರಣ) ತಡೆದುಕೊಳ್ಳುವುದರಿಂದ ಚೊಕ್ಕಟ ಮಾಡುವುದು ಸುಲಭ. 2021ರಲ್ಲಿ ಪ್ರಿನ್ಸ್‌ಟನ್ ತಂಡ ಟ್ಯಾಂಟಲಂನಲ್ಲೇ 0.3 ಮಿಲಿಸೆಕೆಂಡ್ ಟಿ1 ದಾಟಿತು. ಆದರೆ ಈ ಆಮ್ಲದ ಕೆಲಸವೆಲ್ಲ ಅಲ್ಯೂಮಿನಿಯಂ ಜಂಕ್ಷನ್ (ಕ್ಯೂಬಿಟ್‌ನ ಹೃದಯವಾದ ಜೋಸೆಫ್‌ಸನ್ ಜಂಕ್ಷನ್) ಕೂರಿಸುವ ಮೊದಲೇ ಮುಗಿಯಬೇಕು, ಇಲ್ಲವಾದರೆ ಜಂಕ್ಷನ್ನೇ ಕರಗಿಹೋಗುತ್ತದೆ. ಲಿಫ್ಟ್‌ಆಫ್‌ಗೆ (ರೆಸಿಸ್ಟ್ ಕರಗಿಸಿ ಬೇಡದ ಲೋಹ ಕಳಚುವುದಕ್ಕೆ) ಮುನ್ನ ಅಯಾನ್ ಮಿಲ್ಲಿಂಗ್ (ಅಯಾನುಗಳಿಂದ ಮೇಲ್ಮೈ ಕೆರೆಯುವುದು) ಹೆಚ್ಚಾದರೂ ಸಬ್‌ಸ್ಟ್ರೇಟ್ ಹಾಳು.

ಟಿ1 ಗಂಟೆಗಂಟೆಗೆ ಅಲೆದಾಡುತ್ತದೆ, ಟಿಎಲ್‌ಎಸ್‌ಗಳ ಆವರ್ತನ ತಾನಾಗಿ ಸರಿಯುವುದರಿಂದ. ಹಾಗಾಗಿ ಇಡೀ ರಾತ್ರಿ ಅಳೆದು ಹರವನ್ನು ನೋಡು. ಪವರ್ ಕರ್ವ್ ಬಂದೊಡನೆ ಕಳಿಸು, ಮಾಸ್ಕ್ (ವಿನ್ಯಾಸದ ಅಚ್ಚು) ಬದಲಿಸುವ ಮಾತು ಆಮೇಲೆ.

ನಿನ್ನ ಚಿಕ್ಕಪ್ಪ