ಸೋರಿಕೆ ಹುಡುಕದೆ ಗ್ಯಾಸ್ ತುಂಬುವುದೇಕೆ?

ಮಾನ್ಯ ಸಂಪಾದಕರೇ,

ಬೇಸಗೆ ಬಂತೆಂದರೆ ಕಾಸರಗೋಡು, ಕುಂಬಳೆ, ಮಂಜೇಶ್ವರ ಭಾಗದ ಗ್ಯಾರೇಜುಗಳಲ್ಲಿ ಕಾರಿನ ಎಸಿಯ ಯಾವ ದೂರಿಗೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಗ್ಯಾಸ್ ಕಡಿಮೆಯಾಗಿದೆ, ತುಂಬಿಸಿದರಾಯಿತು.’ ಹಣ ತೆತ್ತು ತಂಪು ಗಾಳಿ ಪಡೆದ ಕಾರು ಮುಂದಿನ ಬೇಸಗೆಗೆ, ಕೆಲವೊಮ್ಮೆ ಓಣಂ ರಜೆಗೂ ಮೊದಲೇ, ಅದೇ ಗ್ಯಾರೇಜಿನ ಮುಂದೆ ಬಂದು ನಿಂತಿರುತ್ತದೆ. ಎಸಿಯ ಗ್ಯಾಸು ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಗ್ಯಾಸನ್ನು ಒತ್ತುವ ಕಂಪ್ರೆಸರ್, ಅದರ ಬಿಸಿಯನ್ನು ಹೊರಹಾಕುವ ಕಂಡೆನ್ಸರ್, ಒತ್ತಡ ಇಳಿಸುವ ಎಕ್ಸ್‌ಪಾನ್ಶನ್ ವಾಲ್ವ್, ಕಾರಿನೊಳಗಿನ ಗಾಳಿಯನ್ನು ತಂಪಾಗಿಸುವ ಇವಾಪೊರೇಟರ್‌ಗಳನ್ನು ಜೋಡಿಸಿರುವ ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸು ಸುತ್ತುತ್ತಿರುತ್ತದೆ. ರಬ್ಬರ್ ಹೋಸು, ಸೀಲುಗಳ ಮೂಲಕ ವರ್ಷಗಳ ಅವಧಿಯಲ್ಲಿ ಅಲ್ಪಸ್ವಲ್ಪ ಇಂಗುವುದು ಸಹಜವಾದರೂ ಪ್ರತಿ ಬೇಸಗೆಗೂ ಬರಿದಾಗುತ್ತದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಸೋರಿಕೆಗೆ ನಮ್ಮ ಊರಿನಲ್ಲಿ ಕಾರಣಗಳಿಗೆ ಬರವಿಲ್ಲ. ರೇಡಿಯೇಟರಿನ ಮುಂದೆಯೇ ಇರುವ ಕಂಡೆನ್ಸರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಿಡಿಯುವ ಜಲ್ಲಿ ಬಡಿಯುತ್ತದೆ, ಕಡಲ ಕಡೆಯ ಉಪ್ಪುಗಾಳಿ ಅದರ ಅಲ್ಯೂಮಿನಿಯಮ್ಮನ್ನು ನಿಧಾನವಾಗಿ ತಿನ್ನುತ್ತದೆ. ಗ್ಯಾಸಿನೊಂದಿಗೆ ಕಂಪ್ರೆಸರಿನ ಎಣ್ಣೆಯೂ ಹೊರಬರುವುದರಿಂದ ಸೋರುವ ಜಾಗದಲ್ಲಿ ಧೂಳು ಅಂಟಿದ ಜಿಡ್ಡಿನ ಕಲೆ ಕಾಣಿಸಿಕೊಳ್ಳುವುದುಂಟು; ಕಣ್ಣಿಗೆ ಕಾಣದಿದ್ದರೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ಎಂದು ನೋಡುವ, ಇಲ್ಲವೇ ಬಣ್ಣ ಸೇರಿಸಿ ನೇರಳಾತೀತ ಬೆಳಕಿನಲ್ಲಿ ಹುಡುಕುವ ಕ್ರಮವಿದೆ. ಇದಕ್ಕೆ ಸಮಯ ಬೇಕು, ಗ್ಯಾಸ್ ತುಂಬುವುದಕ್ಕೆ ಅಷ್ಟು ಬೇಡ. ರಹಸ್ಯ ಅಷ್ಟೇ.

ಎಸಿ ತಂಪು ಕೊಡದಿರುವುದಕ್ಕೆಲ್ಲ ಗ್ಯಾಸೇ ಕಾರಣ ಎಂಬುದೂ ತಪ್ಪು. ಕಾರು ಓಡುವಾಗ ತಂಪಾಗಿದ್ದು, ತಲಪಾಡಿ ಟೋಲಿನ ಸಾಲಿನಲ್ಲಿ ನಿಂತಾಗ ಬಿಸಿಗಾಳಿ ಬೀಸತೊಡಗಿದರೆ ಮೊದಲು ನೋಡಬೇಕಾದದ್ದು ಕಂಡೆನ್ಸರಿನ ಫ್ಯಾನು ತಿರುಗುತ್ತಿದೆಯೇ ಎಂಬುದನ್ನು. ಆರಂಭದಲ್ಲಿ ಚೆನ್ನಾಗಿದ್ದ ಗಾಳಿ ಅರ್ಧ ಗಂಟೆಯ ಬಳಿಕ ಕ್ಷೀಣಿಸಿ, ಎಸಿ ಆರಿಸಿ ತುಸು ಹೊತ್ತು ಬಿಟ್ಟರೆ ಮತ್ತೆ ಸರಿಯಾಗುವುದಾದರೆ ಇವಾಪೊರೇಟರಿನ ಮೇಲೆ ಮಂಜುಗಡ್ಡೆ ಕಟ್ಟುತ್ತಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಗ್ಲೋವ್ ಬಾಕ್ಸಿನ ಹಿಂದೆ ಕೊಳೆಯಿಂದ ಮುಚ್ಚಿಹೋದ ಕ್ಯಾಬಿನ್ ಫಿಲ್ಟರೋ ಉಷ್ಣತೆ ಅಳೆಯುವ ಸೆನ್ಸರೋ ಕಾರಣವಾಗಿರಬಹುದು. ಒಳಗೆ ಗಾಳಿ ಬೀಸುವ ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ಓಡಿದರೆ ದೋಷ ಸಾಮಾನ್ಯವಾಗಿ ಅದರ ವೇಗ ನಿಯಂತ್ರಿಸುವ ರೆಸಿಸ್ಟರಿನಲ್ಲಿರುತ್ತದೆ. ಬಾನೆಟ್ಟಿನೊಳಗಿನ ದಪ್ಪ ಎಸಿ ಪೈಪು ಬೆವರಿ ತಣ್ಣಗಿದ್ದರೂ ಒಳಗೆ ಬರುವ ಗಾಳಿ ಬೆಚ್ಚಗಿದೆಯೆಂದಾದರೆ ಅನುಮಾನ ಪಡಬೇಕಾದದ್ದು ಬಿಸಿ ಮತ್ತು ತಂಪು ಗಾಳಿಯನ್ನು ಬೆರೆಸುವ ಡ್ಯಾಶ್‌ಬೋರ್ಡಿನೊಳಗಿನ ಮುಚ್ಚಳವನ್ನು. ಅದು ನಡುವೆ ಸಿಕ್ಕಿಕೊಂಡರೆ ಹೀಟರಿನ ಬಿಸಿ ಸದಾ ಒಳಗೆ ಸೇರುತ್ತಿರುತ್ತದೆ. ಇಂಥ ಕಾರಿಗೆ ಇನ್ನಷ್ಟು ಗ್ಯಾಸ್ ತುಂಬಿದರೆ ಒತ್ತಡ ಮಿತಿಮೀರಿ, ತಂಪು ಇನ್ನೂ ಕಡಿಮೆಯಾಗಿ, ಕಂಪ್ರೆಸರಿಗೇ ಕುತ್ತು.

ಹೀಟರಿನ ವಿಷಯದಲ್ಲಂತೂ ನಮ್ಮವರಿಗೆ ಪೂರ್ಣ ಉದಾಸೀನ. ಕರಾವಳಿಯವರಿಗೆ ಬಿಸಿಗಾಳಿ ಏಕೆ ಎಂದು ಕೇಳುವವರು ಜುಲೈ ತಿಂಗಳ ರಾತ್ರಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗಿ ನೋಡಬೇಕು. ಮಂಜು ಕವಿದ ಮುಂಗಾಜನ್ನು ಬಟ್ಟೆಯಿಂದ ಒರೆಸುತ್ತಾ ಒಂದೇ ಕೈಯಲ್ಲಿ ಕಾರು ಓಡಿಸುವವರು ಎಷ್ಟೋ ಮಂದಿ. ಎಸಿ ಗಾಳಿಯ ತೇವವನ್ನು ಹೀರಿ ತೆಗೆಯುತ್ತದೆ, ಹೀಟರು ಆ ಒಣಗಾಳಿಯನ್ನು ಬೆಚ್ಚಗಾಗಿಸುತ್ತದೆ. ಎರಡನ್ನೂ ಒಟ್ಟಿಗೆ ಹಾಕಿ, ಒಳಗಿನ ಗಾಳಿಯೇ ಸುತ್ತದಂತೆ ಹೊರಗಾಳಿಯ ಗುಂಡಿ ಒತ್ತಿದರೆ ಗಾಜು ಬೇಗ ತಿಳಿಯಾಗುತ್ತದೆ. ಹೀಟರು ಬಿಸಿಯಾಗದಿದ್ದರೆ ಎಂಜಿನ್ ಪೂರ್ತಿ ತಣಿದಿರುವಾಗ, ಎಂಜಿನ್ನಿನ ಬಿಸಿಯನ್ನು ಹೀಟರಿಗೆ ತರುವ ಕೂಲೆಂಟ್ ದ್ರವದ ಮಟ್ಟವನ್ನು ನೋಡಬೇಕು. ಎಷ್ಟು ದೂರ ಓಡಿದರೂ ಉಷ್ಣತೆಯ ಮುಳ್ಳು ಮೇಲೇರದಿದ್ದರೆ ಕೂಲೆಂಟಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ನಿಂತಿರುವುದು ಕಾರಣವಿರಬಹುದು. ಕಾರಿನೊಳಗೆ ಸಿಹಿ ವಾಸನೆ ಬಂದು ಗಾಜಿನ ಮೇಲೆ ಜಿಡ್ಡಿನ ಪದರ ಕಟ್ಟಿದರೆ ಡ್ಯಾಶ್‌ಬೋರ್ಡಿನೊಳಗೆ ಗಾಳಿಯನ್ನು ಬಿಸಿಮಾಡುವ ಹೀಟರ್ ಕೋರ್‌ನಿಂದ ಕೂಲೆಂಟ್ ಸೋರುತ್ತಿದೆ ಎಂದು ತಿಳಿದು ತಡಮಾಡದೆ ತೋರಿಸಬೇಕು.

ಗ್ಯಾಸು ನಿಜಕ್ಕೂ ಕಡಿಮೆಯಿದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ಮೊದಲು ಸೋರಿಕೆ ಮುಚ್ಚಿ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ಮತ್ತು ತೇವವನ್ನು ಪೂರ್ತಿ ಎಳೆದು, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ತುಂಬಬೇಕು. ನಮ್ಮ ತೇವದ ಹವೆಯಲ್ಲಿ ವ್ಯಾಕ್ಯೂಮ್ ಬಿಟ್ಟರೆ ಒಳಗುಳಿದ ನೀರಿನಂಶ ವಾಲ್ವಿನಲ್ಲಿ ಹೆಪ್ಪುಗಟ್ಟುತ್ತದೆ, ಕಾಲಕ್ರಮೇಣ ಲೋಹವನ್ನೂ ಕೆಡಿಸುತ್ತದೆ. ಇನ್ನು, ಹಳೆಯ ಗ್ಯಾಸನ್ನು ಯಂತ್ರದಿಂದ ಹೊರತೆಗೆದು ಸಂಗ್ರಹಿಸದೆ ‘ಬುಸ್’ ಎಂದು ಗಾಳಿಗೆ ಬಿಡುವ ಅಭ್ಯಾಸವನ್ನು ಏನೆನ್ನಬೇಕು? ಬಹುಪಾಲು ಕಾರುಗಳಲ್ಲಿರುವ ಆರ್-134ಎ ಓಝೋನ್ ಪದರಕ್ಕೆ ಹಾನಿ ಮಾಡದಿದ್ದರೂ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿಮಾಡಬಲ್ಲ ಅನಿಲ. ಇಂಥ ಅನಿಲಗಳ ಬಳಕೆಯನ್ನು ಇಳಿಸುವ 2016ರ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಗೆ ನಮ್ಮ ದೇಶವೂ 2021ರಲ್ಲಿ ಒಪ್ಪಿಗೆ ನೀಡಿದೆ.

ಶ್ರದ್ಧೆಯಿಂದ ಕೆಲಸ ಮಾಡುವ ಮೆಕ್ಯಾನಿಕರು ಈ ಜಿಲ್ಲೆಯಲ್ಲಿ ಇದ್ದಾರೆ. ಅವರಿಗೆ ಈ ಮಾತು ತಟ್ಟಬೇಕಾಗಿಲ್ಲ. ಉಳಿದ ಗ್ಯಾರೇಜುಗಳವರಲ್ಲಿ ನನ್ನ ಬೇಡಿಕೆ ಇಷ್ಟೇ: ಸೋರಿಕೆ ಎಲ್ಲಿ ಸಿಕ್ಕಿತು, ಎಷ್ಟು ಗ್ರಾಂ ಗ್ಯಾಸ್ ಹೊರಬಂತು, ಎಷ್ಟು ತುಂಬಲಾಯಿತು ಎಂಬುದನ್ನು ಬಿಲ್ಲಿನಲ್ಲಿ ಬರೆದುಕೊಡಿ. ‘ಎಸಿ ಸರ್ವಿಸ್’ ಎಂದಷ್ಟೇ ಬರೆದ ಬಿಲ್ಲಿನಿಂದ ಗ್ರಾಹಕ ಏನನ್ನೂ ಸಾಬೀತುಪಡಿಸಲಾರ. ಮಂಗಳೂರಿನಲ್ಲಿ ರಿಪೇರಿ ಮಾಡಿಸಿದ ಕಾಸರಗೋಡಿನವರು, ಗಡಿ ದಾಟಿ ದೂರು ಕೊಡುವ ತಾಪತ್ರಯ ಬೇಡವೆಂದು ಸುಮ್ಮನಾಗುವುದುಂಟು. ಆದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು, ತೆತ್ತ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವೂ ಇಲ್ಲ. ಹಾಗಾಗಿ ವಿವರವಿರುವ ಬಿಲ್ಲನ್ನು ಕೇಳಿ ಪಡೆಯದೆ ಯಾರೂ ಹಣ ಕೊಡಬಾರದೆಂದು ವಿನಂತಿಸುತ್ತೇನೆ.

ಇತಿ,
ಕಾರು ಮಾಲಕರೊಬ್ಬರು, ಕುಂಬಳೆ