ಮಸ್ಟಾಂಗ್ ಸಂಬಳದವರ ಕಾರು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಅಮೆರಿಕನ್ ಕಾರುಗಳ ಬಗ್ಗೆ ಬಂದ ಲೇಖನ ಎರಡು ಸಲ ಓದಿದೆ. ಅದರಲ್ಲಿ ಮಸ್ಟಾಂಗನ್ನು 'ಶ್ರೀಮಂತರ ಆಟಿಕೆ' ಎಂದದ್ದು ನೋಡಿ ಬೇಸರವಾಯಿತು. ತೀರ್ಥಹಳ್ಳಿಯಲ್ಲಿ 38 ವರ್ಷ ಗ್ಯಾರೇಜು ನಡೆಸಿದವನು ನಾನು. ಕೊಪ್ಪದ ಕಡೆಯ ಎಸ್ಟೇಟಿನವರೊಬ್ಬರು ಜೀಪು ರಿಪೇರಿಗೆ ತಂದಾಗ ಕೊಟ್ಟ ಅಮೆರಿಕದ ಪತ್ರಿಕೆಯಿಂದ ಕತ್ತರಿಸಿದ ಆ ಕಾರಿನ ಚಿತ್ರ ನನ್ನ ಕೆಲಸದ ಮೇಜಿನ ಮೇಲಿನ ಗೋಡೆಯಲ್ಲಿದೆ. ಎಷ್ಟೋ ಮಳೆಗಾಲದ ಥಂಡಿಗೆ ಅಂಚೆಲ್ಲ ಬೂಸ್ಟು ಹಿಡಿದಿದೆ, ತೆಗೆಯಲು ಮನಸ್ಸು ಬಂದಿಲ್ಲ.

1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಫೋರ್ಡ್ ಅದನ್ನು ಹೊರತಂದಾಗ ಬೆಲೆ 2,368 ಡಾಲರಿನಿಂದ ಶುರು. ಒಂದೇ ದಿನಕ್ಕೆ ಸುಮಾರು 22,000 ಬುಕಿಂಗ್. ಎರಡು ವರ್ಷ ತುಂಬುವುದರೊಳಗೆ 10 ಲಕ್ಷ ಗಾಡಿ ತಯಾರಾದವು. ಅಷ್ಟೊಂದು ಶ್ರೀಮಂತರು ಯಾವ ದೇಶದಲ್ಲಿದ್ದಾರೆ? ಕೊಂಡವರಲ್ಲಿ ಬಹಳ ಮಂದಿ ಸಂಬಳದವರು, ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು. ಉದ್ದ ಬಾನೆಟ್, ಗಿಡ್ಡ ಹಿಂಭಾಗ, ನಾಲ್ಕು ಸೀಟು. ಮೈ ಹೊಸದು, ಆದರೆ ಒಳಗಿನ ಸಾಮಾನು ಹೆಚ್ಚಿನದೆಲ್ಲ ಫಾಲ್ಕನ್ ಎಂಬ ಸಾಧಾರಣ ಸಂಸಾರದ ಕಾರಿನದು. ಆರು ಸಿಲಿಂಡರಿನ ಮೊದಲ ಎಂಜಿನ್ನಿಗೆ 101 ಹಾರ್ಸ್‌ಪವರ್ ಅಷ್ಟೆ. ಇನ್ನಷ್ಟು ದುಡ್ಡು ಹೊಂದಿಸಿದವರು ವಿ8 ಹಾಕಿಸಿಕೊಳ್ಳುತ್ತಿದ್ದರು. ಊರ ಮೇಸ್ತ್ರಿಗೆ ಮೊದಲೇ ಕೈಬಳಕೆಯಿದ್ದ ಭಾಗಗಳಿಂದಲೇ ಅಷ್ಟು ಚೆಂದದ ಗಾಡಿ ಕಟ್ಟಿದರಲ್ಲ, ನನ್ನನ್ನು ಹಿಡಿದಿಟ್ಟಿದ್ದು ಅದೇ.

ಇನ್ನೊಂದು ಮಾತು. ಉದ್ದ ಬಾನೆಟ್, ಗಿಡ್ಡ ಹಿಂಭಾಗದ ಈ ಬಗೆಯ ಕಾರು ಮಸ್ಟಾಂಗಿನಿಂದಲೇ ಶುರುವಾಯಿತು ಎಂದು ಬರೆದಿದ್ದೀರಿ. ಪ್ಲಿಮತ್ ಕಂಪನಿಯ ಬರಾಕುಡಾ ಕಾರು ಅದಕ್ಕಿಂತ 16 ದಿನ ಮೊದಲೇ ಮಾರಾಟಕ್ಕೆ ಬಂದಿತ್ತು. ಅದರ ಬೆನ್ನಿಗಿದ್ದ ಬಾಗಿದ ಗಾಜು ಆ ಕಾಲಕ್ಕೆ ದೊಡ್ಡ ಸಾಹಸ.

ಷೆವರ್ಲೆ ಕ್ಯಾಮರೋ ಬಗ್ಗೆ ಎರಡೇ ಸಾಲು ಬರೆದಿದ್ದೀರಿ. ಟ್ರಾನ್ಸ್‌-ಆ್ಯಮ್ ಎಂಬ ಅಮೆರಿಕದ ಕಾರು ರೇಸಿನಲ್ಲಿ ಎಂಜಿನ್ನಿನ ಸಿಲಿಂಡರುಗಳ ಒಟ್ಟು ಗಾತ್ರ 5 ಲೀಟರ್, ಅಂದರೆ 305 ಘನ ಅಂಗುಲ ಮೀರುವಂತಿರಲಿಲ್ಲ. ಅವರ 327ರ ಎಂಜಿನ್ ದೊಡ್ಡದಾಯಿತು, 283ರದ್ದು ಚಿಕ್ಕದು. ಆಗ 327ರ ಬ್ಲಾಕಿಗೆ 283ರ ಗಿಡ್ಡ ಸ್ಟ್ರೋಕಿನ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಕ್ರ್ಯಾಂಕ್ ಕೂರಿಸಿ 302 ಮಾಡಿದರು! ಸ್ಟ್ರೋಕ್ ಗಿಡ್ಡವಾದ್ದರಿಂದ ಎಂಜಿನ್ ಸಲೀಸಾಗಿ ಮೇಲಿನ ಆರ್‌ಪಿಎಂಗೆ ಏರುತ್ತಿತ್ತು. 1967ರ ಕ್ಯಾಮರೋ ಝಡ್/28 ಮಾದರಿ ಹುಟ್ಟಿದ್ದು ಹೀಗೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆಮೇಲೆ ಹೊಗೆಯ ಕಾನೂನು, ಏರಿದ ವಿಮೆ, 1973ರ ತೈಲ ಬಿಕ್ಕಟ್ಟು ಬಂದು ಆ ಕಾಲ ಮುಗಿಯಿತು. 1974ಕ್ಕೆ ಬರಾಕುಡಾ ನಿಂತೇಹೋಯಿತು.

ಮಸ್ಟಾಂಗಿಗೆ ಪಾನಾ ಹಾಕುವ ಯೋಗ ನನಗೆ ಬರಲಿಲ್ಲ. ನಮ್ಮ ಹಿಂದೂಸ್ತಾನ್ ಮೋಟರ್ಸಿನ ಕಾಂಟೆಸ್ಸಾ ಕಾರು ಬಂದಿತ್ತು. ವಾಕ್ಸ್‌ಹಾಲ್ ವಿಕ್ಟರ್ ಎಂಬ ಬ್ರಿಟಿಷ್ ಕಾರಿನ ಅಚ್ಚಿನ ಗಾಡಿ ಅದು. ಉದ್ದ ಬಾನೆಟ್ ಒರೆಸುವಾಗೆಲ್ಲ ಗೋಡೆಯ ಚಿತ್ರದ ಕಡೆ ಕಣ್ಣು ಹೋಗುತ್ತಿತ್ತು. ಆಗುಂಬೆ ಘಾಟಿಯಲ್ಲಿ ಅದನ್ನು ಟ್ರಯಲ್ ನೋಡಿದ ಬೆಳಗಿನ ಮಂಜು ಇನ್ನೂ ನೆನಪಿದೆ.

ಶಿವಮೊಗ್ಗದಲ್ಲಿ ಹಳೆಯ ಕಾರುಗಳ ಪ್ರದರ್ಶನ ಇಡುವವರಿಗೆ ನಿಮ್ಮ ಮೂಲಕ ಒಂದು ಕೋರಿಕೆ: ಬಾನೆಟ್ ತೆರೆದಿಡಿ. ಐಟಿಐ ಮಕ್ಕಳು ಹೊರಗಿನ ಪಾಲಿಶ್ ನೋಡಿ ಫೋಟೊ ತೆಗೆದುಕೊಂಡು ಹೋಗುವಂತಾಗಬಾರದು. ಪಕ್ಕದಲ್ಲಿ ನಿಂತು ವಿವರಿಸಲು ಜನ ಬೇಕಿದ್ದರೆ ನಾನು ಬೆಳಗಿನ ಮೊದಲ ಬಸ್ಸಿಗೇ ಬರುತ್ತೇನೆ.

– ನಿವೃತ್ತ ಮೆಕ್ಯಾನಿಕ್, ತೀರ್ಥಹಳ್ಳಿ